ಕೆಂಪು ಪಟ್ಟಿಯ ಕೋಳಿ

ಶ್ರಾವಣ ಸೋಮವಾರ ಬೆಳಿಗ್ಗೆ ಮಡಿವಾಳೆಪ್ಪ ಹಿತ್ತಲಿನಲ್ಲಿ ಬುಟ್ಟಿ ಎತ್ತಿದಾಗ, ಅದರಡಿಯ ಕೋಳಿ ಒಂದೇ ಕಾಲಿನ ಮೇಲೆ ನಿಂತಿತ್ತು. ಕಣ್ಣು ಅರೆ ಮುಚ್ಚಿತ್ತು. ತಪಸ್ಸಿಗೆ ನಿಂತವರ ಹಾಗೆ ಕಂಡ ಅದನ್ನು ನೋಡಿ, ಶ್ರಾವಣದ ಮಹಿಮೆಯಿಂದ ಕೋಳಿಗೂ ಭಕ್ತಿ ಬಂತಲ್ಲ ಎಂದು ಅವನಿಗೆ ಒಂದು ಗಳಿಗೆ ಸಂತೋಷವೇ ಆಯಿತು. ನುಚ್ಚು ಚೆಲ್ಲಿದ. ಕೋಳಿ ಇನ್ನೊಂದು ಕಾಲನ್ನು ಊರಲು ಹೋಗಿ, ಕುಂಟಿ, ಮುಗ್ಗರಿಸಿ, ನುಚ್ಚಿನ ಮೇಲೆಯೇ ಬಿತ್ತು. ಸಂತೋಷ ಅಲ್ಲಿಗೆ ಮುಗಿಯಿತು.

ಕೋಳಿ ಅವನದಲ್ಲ. ಅವನ ಮನೆಯ ಹೊಸ್ತಿಲನ್ನು ಏಳು ತಲೆಮಾರಿನಿಂದ ತತ್ತಿಯ ಸಿಪ್ಪೆಯೂ ದಾಟಿರಲಿಲ್ಲ. ಶಲವಡಿಯ ಮಠದಲ್ಲಿ ಶ್ರಾವಣದ ತಿಂಗಳಿಡೀ ಸಂಜೆ ಪುರಾಣ ಓದುವವನು ಅವನೇ. ಆದರೂ ಬಾಜೂ ಮನೆಯ ಜುಲೇಖಾಬಿ ಮೊಮ್ಮಗಳನ್ನು ಕರೆತರಲು ಅಳ್ನಾವರಕ್ಕೆ ಹೊರಟಾಗ, ಕೋಳಿಯನ್ನು ತಂದು ಅವನ ಸುಪರ್ದಿಗೇ ಬಿಟ್ಟಿದ್ದಳು.

"ಅಣ್ಣಾರ, ಮೊನ್ನೆ ಅಣ್ಣಿಗೇರಿ ಸಂತ್ಯಾಗ ತಂದೀನ್ರಿ. ಹೊಸಾ ಕೋಳಿ, ಇನ್ನಾ ಮನಿ ಹಿಡದಿಲ್ಲ. ಬಿಟ್ರ ಲಕ್ಷ್ಮಪ್ಪನ ಕೋಳ್ಯಾಗ ಕೂಡಿ ಹೋಗ್ತೈತಿ. ಎಲ್ಲಾ ಒಂದ ಬಣ್ಣ ಅಂತ ಗುರ್ತಿಗೆ ಕಾಲಿಗೆ ಕೆಂಪ ಪಟ್ಟಿ ಕಟ್ಟೀನಿ. ನಾಕ ದಿನಾ ಬುಟ್ಟಿ ಮುಚ್ಚಿ ನುಚ್ಚ ಹಾಕ್ರಿ, ಸಾಕು. ತಹಸೀನ್‌ಗ ಫೋನಿನ್ಯಾಗ ಫೋಟೋ ತೋರಿಸೀನಿ, ನನ್ನ ಕೋಳಿ ನನ್ನ ಕೋಳಿ ಅಂತ ಕುಣ್ಯಾಕ ಹತ್ತ್ಯಾಳ. ಇದಕ್ಕೇನರ ಆದ್ರ ಹುಡುಗಿ ಊಟಾ ಬಿಡ್ತಾಳ್ರಿ."

ಆ ತಹಸೀನ್ ಇವತ್ತು ಸಂಜೆಯ ಬಸ್ಸಿಗೆ ಬರುವವಳಿದ್ದಳು.

"ಅದರ ಕಾಲ ಮ್ಯಾಲೆ ಬುಟ್ಟಿ ಇಟ್ಟಿರಬೇಕ ನೀವು," ಎಂದಳು ಹೆಂಡತಿ ಅನ್ನವ್ವ, ಅಡಿಗೆ ಮನೆಯ ಬಾಗಿಲಿನಿಂದಲೇ. "ಪುರಾಣ ಬಾಯಿಪಾಠ ಬರ್ತೈತಿ. ಒಂದ ಬುಟ್ಟಿ ನೆಟ್ಟಗ ಮುಚ್ಚಾಕ ಬರೂದಿಲ್ಲ."

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಲಕ್ಷ್ಮಪ್ಪನ ತಲೆ ಮೂಡಿತು. ಹನ್ನೆರಡು ಕೋಳಿಗಳ ಯಜಮಾನ ಅವನು. ಯಾವ ಜೀವಕ್ಕೆ ಯಾವ ರೋಗ ಬಂದರೂ ಕೇಳದೆಯೇ ಔಷಧ ಹೇಳುವವನು.

"ಉಳುಕೈತಿ ಮಾರಾಯಾ. ಅರಿಷಿಣ ಸುಣ್ಣ ಕಲಸಿ ದಪ್ಪಗ ಮೆತ್ತು, ಮ್ಯಾಲೆ ಅರಿವಿ ಸುತ್ತು. ತಾಸಿನ್ಯಾಗ ಓಡ್ತೈತಿ."

"ಮೊದಲ ಪಟ್ಟಿ ಬಿಚ್ಚಿ ನೋಡೂಣಲ್ಲ?"

"ನೋಡೂದೇನೈತಿ? ಕುಂಟತೈತಿ ಅಂದ್ರ ಉಳುಕು!"

ಲಕ್ಷ್ಮಪ್ಪ ಗೋಡೆ ಹಾರಿ ಬಂದು, ಕೆಂಪು ಪಟ್ಟಿಯ ಮೇಲೆಯೇ ಮೆತ್ತಿ, ಸುತ್ತಿ, ಕೈ ತೊಳೆದುಕೊಂಡು ಹೋದ. ತಾಸಾಯಿತು. ಕೋಳಿ ಓಡಲಿಲ್ಲ. ಮೊದಲು ಕಾಲನ್ನು ನೆಲಕ್ಕಾದರೂ ಮುಟ್ಟಿಸುತ್ತಿತ್ತು. ಈಗ ತೆಂಗಿನಕಾಯಿಯಂಥ ಆ ಗಂಟನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತೇಬಿಟ್ಟಿತು.

ಉಳಿದದ್ದು ಊರ ಆಚೆ ತುದಿಯ ದನದ ದವಾಖಾನೆ. ಒಯ್ಯುವುದು ಯಾವುದರಲ್ಲಿ? "ನನ್ನ ಸಂತಿ ಚೀಲಾ ಮುಟ್ಟಿದ್ರ ನೋಡ್ರಿ ಮತ್ತ," ಎಂದು ಅನ್ನವ್ವ ಮೊದಲೇ ಸಾರಿಬಿಟ್ಟಳು. ಮಡಿವಾಳೆಪ್ಪ ಶಿವನಾಮ ನೆನೆದು, ಪುರಾಣದ ಪುಸ್ತಕವನ್ನು ಹೊರತೆಗೆದಿಟ್ಟು, ಅದರ ಬಿಳಿಯ ಚೀಲದಲ್ಲಿ ಕೋಳಿಯನ್ನು ಕೂಡಿಸಿ ಹೊರಟ.

ಅರಿಷಿಣಕ್ಕೆ ಸುಣ್ಣ ಕೂಡಿದರೆ ಏನಾಗುತ್ತದೆಂಬುದು ಓಕುಳಿ ಕಲಸಿದ ಎಲ್ಲರಿಗೂ ಗೊತ್ತು. ಮಠದ ಮುಂದೆ ಬರುವಷ್ಟರಲ್ಲಿ ಚೀಲದ ತಳ ಕೆಂಪಾಗಿ, ನೆಲಕ್ಕೆ ತೊಟ್ಟಿಕ್ಕತೊಡಗಿತ್ತು. ಮಠದ ಅಂಗಳ ಗುಡಿಸುತ್ತಿದ್ದ ಸಿದ್ಧಾರೂಢ ಪೊರಕೆ ನಿಲ್ಲಿಸಿದ.

"ಶರಣ್ರಿ ಕಾಕಾ. ಎಲ್ಲಿಗೆ ಸವಾರಿ?"

"ದವಾಖಾನಿಗಪಾ. ಕಾಲ ನೋವು."

"ನೆಟ್ಟಗ ನಡ್ಯಾಕ ಹತ್ತೀರಲ್ಲ? ಯಾರ ಕಾಲು?"

ಮಡಿವಾಳೆಪ್ಪನಿಗಿಂತ ಮೊದಲು ಚೀಲವೇ ಉತ್ತರ ಕೊಟ್ಟಿತು: "ಕೊಕ್ಕೊಕ್ಕೊ."

ಮಡಿವಾಳೆಪ್ಪ ಜೋರಾಗಿ ಕೆಮ್ಮಿದ. ಸಿದ್ಧಾರೂಢನ ಕಣ್ಣು ಚೀಲದ ಕೆಂಪಿನ ಮೇಲೆ ನಿಂತಿತು; ಚೀಲದ ಬಾಯಿಂದ ಹಾರಿ ಬಂದ ಪುಕ್ಕವೊಂದು ಅವನ ಪೊರಕೆಯ ಮೇಲೆ ಮೆಲ್ಲಗೆ ಇಳಿಯಿತು.

"ಶ್ರಾವಣ ಸೋಮವಾರ, ಕಾಕಾ..." ಎಂದನಷ್ಟೇ. ಮಡಿವಾಳೆಪ್ಪ ತಿರುಗಿ ನೋಡಿದಾಗ ಅಂಗಳದಲ್ಲಿ ಪೊರಕೆ ಬಿದ್ದಿತ್ತು, ಸಿದ್ಧಾರೂಢ ಇರಲಿಲ್ಲ. ಸುದ್ದಿ ಹೊರಟಿತ್ತು.

ದವಾಖಾನೆಯ ಡಾಕ್ಟರ್ ರೋಹಿಣಿ ಗಂಟನ್ನು ಕಂಡು ನಕ್ಕುಬಿಟ್ಟಳು. "ಅರಿಷಿಣಾ ಹಚ್ಚೀರಿ, ಕೋಳಿ ಮದುವಿ ಏನರ ಐತೇನ್ರಿ ಅಜ್ಜಾರ?"

ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸುತ್ತಿದ್ದನ್ನು ಬಿಚ್ಚಿ, ಸುಣ್ಣದ ಕೆಂಪು ಹೋಗಿ ಹಳದಿ ಉಳಿಯುವವರೆಗೆ ತೊಳೆದು, ಕೆಂಪು ಪಟ್ಟಿಯನ್ನೂ ಕತ್ತರಿಸಿದಳು. ಅದರಡಿಯಲ್ಲಿ, ಬಾತ ಕಾಲಿನೊಳಗೆ ಹುದುಗಿ ಕೂತಿತ್ತು ಒಂದು ಎಳೆ ಸುತಳಿ.

"ಸಂತ್ಯಾಗ ಕಾಲ ಕಟ್ಟಿದ ಸುತಳಿ ಇದು. ಬಿಚ್ಚಲಾರದ ಅದರ ಮ್ಯಾಲೆ ಪಟ್ಟಿ ಕಟ್ಟ್ಯಾರ. ಉಳುಕೂ ಇಲ್ಲ, ಮುರದೂ ಇಲ್ಲ." ಕತ್ತರಿ ಚಕ್ ಎಂದಿತು. ಗಾಯಕ್ಕೆ ಮುಲಾಮು ಹಚ್ಚಿ ಕೆಳಗೆ ಬಿಟ್ಟಾಗ, ಕೋಳಿ ಒಂದೊಂದೇ ಬೆರಳನ್ನು ನೆಲಕ್ಕೆ ಊರಿ ನೋಡಿತು. ಆಮೇಲೆ ಪೂರಾ ಕಾಲನ್ನೇ ಊರಿತು. "ಇನ್ನ ಈ ಕಾಲಿಗೆ ಏನೂ ಕಟ್ಟಬ್ಯಾಡ್ರಿ. ಏನೂ ಅಂದ್ರ ಏನೂ."

ಮಡಿವಾಳೆಪ್ಪನ ಎದೆಯ ಮೇಲಿನ ಬೀಸುವ ಕಲ್ಲು ಇಳಿಯಿತು. ಮನೆಗೆ ಬಂದವನೇ ಹಿತ್ತಲಿನಲ್ಲಿ ಚೀಲದ ಬಾಯಿ ತೆರೆದು, "ಎಲ್ಲಿ, ನಡದ ತೋರಸವ್ವಾ," ಎಂದ.

ಕೋಳಿ ನಡೆಯಿತು. ಆಮೇಲೆ ಓಡಿತು. ಆಮೇಲೆ, ನಾಲ್ಕು ದಿನದ ಸೆರೆ ನೆನಪಾಯಿತೋ ಏನೋ, ಒಂದೇ ನೆಗೆತಕ್ಕೆ ಗೋಡೆ ಹಾರಿತು.

ಗೋಡೆಯಾಚೆ ಬಗ್ಗಿ ನೋಡಿ ಮಡಿವಾಳೆಪ್ಪ ಎಣಿಸಿದ. ಹದಿಮೂರು ಕೋಳಿ. ಇಪ್ಪತ್ತಾರು ಕಾಲು. ಒಂದೂ ಕುಂಟುತ್ತಿಲ್ಲ; ಒಂದೂ ನಿಲ್ಲದ ಆ ಓಡಾಟದಲ್ಲಿ ಗಾಯವೂ ಕಾಣುತ್ತಿಲ್ಲ.

"ಅರಿಷಿಣದ ಕಾಲಿಂದ ಹಿಡದ್ರಾತು," ಎಂದ ಲಕ್ಷ್ಮಪ್ಪ.

"ಎಲ್ಲಾ ಕೋಳಿ ಕಾಲೂ ಹಳದೀನ ಅದಾವಲ್ಲೋ!"

"ಹೌದಲ್ಲ," ಎಂದ ಲಕ್ಷ್ಮಪ್ಪ, ಹನ್ನೆರಡು ಕೋಳಿ ಸಾಕಿದ ಮೇಲೆ ಮೊದಲ ಸಲ ಅವುಗಳ ಕಾಲು ನೋಡುತ್ತ.

ಇಬ್ಬರೂ ಮಧ್ಯಾಹ್ನವಿಡೀ ಓಣಿಯ ತುಂಬ ಅವನ್ನು ಅಟ್ಟಾಡಿಸಿದರು. ಕೋಳಿಗಳಿಗೆ ಆಟ, ಒಪ್ಪತ್ತಿನಲ್ಲಿದ್ದ ಮಡಿವಾಳೆಪ್ಪನಿಗೆ ಬವಳಿ. ಈ ಹದಿಮೂರರಲ್ಲಿ ಒಂದು ತುಸು ಕುಂಟಲಿ ಎಂದು ಶಿವನನ್ನು ಬೇಡಿಯೂಬಿಟ್ಟ. ಮರುಗಳಿಗೆ ನಾಚಿ, ಗಲ್ಲ ಗಲ್ಲ ಬಡಿದುಕೊಂಡ.

ಸಂಜೆಯ ಬಸ್ಸು ಬಂತು. ಆರು ವರ್ಷದ ತಹಸೀನ್ ನಾನಿ ಜುಲೇಖಾಬಿಯ ಕೈ ಬಿಡಿಸಿಕೊಂಡು, "ನನ್ನ ಕೋಳಿ ಎಲ್ಲೈತಿ ಅಜ್ಜಾ?" ಎಂದು ಓಡಿ ಬಂದಳು. ಮಡಿವಾಳೆಪ್ಪ ತಲೆ ತಗ್ಗಿಸಿ, ಸುತಳಿಯಿಂದ ಗೋಡೆಯವರೆಗೆ ಎಲ್ಲವನ್ನೂ ಒಪ್ಪಿಸಿದ.

ಜುಲೇಖಾಬಿ ಹಣೆ ಚಚ್ಚಿಕೊಂಡಳು. "ಅಯ್ಯ ಅಣ್ಣಾರ, ತಪ್ಪ ನಂದ್ರಿ! ಸುತಳಿ ಬಿಚ್ಚಲಾರದ ಪಟ್ಟಿ ಕಟ್ಟೀನಿ. ಕಾಲ ಉಳಿಸಿದ್ರಲ್ಲ, ಸಾಕು. ಹೊತ್ತ ಮುಣಗಲಿ ತಡೀರಿ. ಲಕ್ಷ್ಮಪ್ಪನೂವು ತಮ್ಮ ಗೂಡಿಗೆ ಹೋಗ್ತಾವ. ಉಳದದ್ದ ನಮ್ಮದು."

ಇಷ್ಟು ಸರಳ! ಮಡಿವಾಳೆಪ್ಪನಿಗೆ ಮತ್ತೆ ಉಸಿರು ಸರಾಗವಾಯಿತು. ಹೊತ್ತು ಇಳಿಯಿತು. ಲಕ್ಷ್ಮಪ್ಪ ಗೂಡಿನ ಬಾಗಿಲಲ್ಲಿ ಕೂತು ಎಣಿಸಿದ: ಹತ್ತು, ಹನ್ನೊಂದು, ಹನ್ನೆರಡು. ಓಣಿಯಲ್ಲಿ ಒಂದೇ ಒಂದು ಉಳಿಯಿತು.

ತಹಸೀನ್ ತಮ್ಮ ಬಾಗಿಲಲ್ಲಿ ಬೊಗಸೆ ನುಚ್ಚು ಹಿಡಿದು, "ಬಾ ಬಾ ಬಾ," ಎಂದಳು. ಕೋಳಿ ನೆಟ್ಟಗೆ, ಒಂದಿಷ್ಟೂ ಕುಂಟದೆ, ಅವಳ ಕಡೆ ನಡೆದು ಬಂತು. ಅವಳನ್ನು ದಾಟಿತು. ಮಡಿವಾಳೆಪ್ಪನ ಕಟ್ಟೆ ಹತ್ತಿತು. ಏಳು ತಲೆಮಾರಿನ ಹೊಸ್ತಿಲನ್ನು ದಾಟಿ, ಪಡಸಾಲೆಯಲ್ಲಿ ಮಡಿವಾಳೆಪ್ಪ ಪುರಾಣದ ಬಾಜೂ ತಂದು ಎಸೆದಿದ್ದ, ತಳ ಕೆಂಪಾದ ಬಿಳಿಯ ಚೀಲದ ಮೇಲೆ ಎರಡು ಸುತ್ತು ಸುತ್ತಿ, ಕಣ್ಣು ಮುಚ್ಚಿ ಕೂತಿತು.

ಅದೇ ಹೊತ್ತಿಗೆ ಸಿದ್ಧಾರೂಢ ಬಾಗಿಲಿಗೆ ಬಂದ. "ಕಾಕಾ, ಮಠದಾಗ ಜನಾ ಕೂತಾರ, ಅವರಿಗೇನ..." ಎಂದವನು ಒಳಗೆ ಇಣುಕಿ ಬಾಯಿ ತೆರೆದ. "ಅಯ್ ಶಿವನ, ಜೀವಂತ ಐತಿ! ನಾ ಊರ ತುಂಬ... ಇರ್ಲಿ ಬಿಡ್ರಿ. ಈಗ ಹೋಗಿ ಎಲ್ಲಾರಿಗೂ ಹೇಳ್ತೀನಿ, ಕಾಕಾ ಕೋಳಿ ತಿಂದಿಲ್ಲ, ಸಾಕ್ಯಾರ ಅಂತ!"

"ಮನಿ ಹಿಡದಬಿಡ್ತಲ್ರಿ ಅಣ್ಣಾರ," ಎಂದಳು ಜುಲೇಖಾಬಿ, ನಗು ತಡೆಯುತ್ತ. "ನಮ್ಮನ್ಯಾಗ ಕಟ್ಟಿ ರೂಢಿ ಮಾಡಸೂಣಂದ್ರ, ಕಾಲಿಗೆ ಏನೂ ಕಟ್ಟಬ್ಯಾಡ್ರಿ ಅಂದಾರ ಡಾಕ್ಟರು."

ಎಲ್ಲರೂ ತಹಸೀನ್‌ಳ ಮುಖ ನೋಡಿದರು. ಅವಳು ಅಳಲಿಲ್ಲ. ಕೋಳಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಅದರ ಕಾಲನ್ನು ನೋಡಿದಳು, ಪಡಸಾಲೆಯ ಉದ್ದಗಲ ನೋಡಿದಳು.

"ಇರ್ಲಿ ಅಜ್ಜಾ. ಕೋಳಿ ನಂದು, ಮನಿ ನಿಮ್ದು. ನಾ ದಿನಾ ಬರ್ತೀನಿ. ಒಂದಕ್ಕ ಬ್ಯಾಸರಾಗ್ತೈತಿ, ಮುಂದಿನ ಸಂತ್ಯಾಗ ನಾನಿ ಇನ್ನೆರಡ ತರ್ತಾಳ."

ಮಡಿವಾಳೆಪ್ಪ ಚೀಲವಿಲ್ಲದ ಪುರಾಣವನ್ನು ಕಂಕುಳಲ್ಲಿ ಹಿಡಿದು ಎದ್ದ. ಅನ್ನವ್ವ ಹಿತ್ತಲಿನಿಂದ ಬುಟ್ಟಿ ತಂದಳು. ಕೋಳಿಯ ಕಾಲಿಗೆ ತಾಗದಂತೆ ಮೆಲ್ಲಗೆ, ನೆಟ್ಟಗೆ ಮುಚ್ಚಿದಳು.

"ಹಿಂಗ ಮುಚ್ಚಬೇಕು. ನೋಡ್ಕೊಂಡ ಹೋಗ್ರಿ," ಎಂದಳು. "ನಾಳಿಂದ ದಿನಾ ನೀವ ಮುಚ್ಚೂದೈತಿ."