ಅರಬ್ಬಿ ಕಲಿಯದ ನಮ್ಮಾಕಿ

ಮಾತು ಬಾರದ ದೇಶಕ್ಕೆ ದುಡಿಯಲು ಹೋದವರಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ನಾವು ಯರಗುಪ್ಪಿಯವರು. ಏಳು ವರ್ಷ ಓಮಾನ್ ದೇಶದಲ್ಲಿ ಒಬ್ಬ ಸಾವಕಾರರ ಮನೆಯಲ್ಲಿದ್ದೆವು. ನಾನು ಗಿಡಗಳಿಗೆ ನೀರು ಹಾಕುವವ, ನನ್ನ ಹೆಂಡತಿ ಅಡಿಗೆಯಾಕಿ. ಆಕೆ ಹೋದ ಶ್ರಾವಣದಲ್ಲಿ ತೀರಿಕೊಂಡಳು. ಬರೆಯುವುದು ನನಗೆ ರೂಢಿ ಇಲ್ಲ. ಆದರೂ ಆಕೆಯ ಸುದ್ದಿ ನಾನು ಬರೆಯದಿದ್ದರೆ ಮತ್ತೆ ಯಾರು ಬರೆಯಬೇಕು?

ಯಾರು ಕಲಿಯಬೇಕು

ಹೋದ ದಿನವೇ ಮನೆಯ ಯಜಮಾನಿ ಹರಕು ಮುರುಕು ಹಿಂದಿಯಲ್ಲಿ ನನಗೆ ಹೇಳಿದಳು. "ಮೂರು ತಿಂಗಳು ನೋಡುತ್ತೇನೆ. ನಿನ್ನ ಹೆಂಡತಿ ಅರಬ್ಬಿ ಕಲಿಯದಿದ್ದರೆ ಇಬ್ಬರೂ ಊರಿಗೆ ಹೋಗಿ."

ಮಗಳ ನರ್ಸಿಂಗ್ ಓದು ಆ ಕೆಲಸದ ಮೇಲೆಯೇ ನಿಂತಿತ್ತು. ಆ ರಾತ್ರಿ ಹೆಂಡತಿಗೆ, ದಿನಕ್ಕೆ ಐದು ಶಬ್ದ ಸಾಕು, ಕಲಿ ಎಂದೆ.

"ಅವರ ಮನಿಯಾಗ ಎಷ್ಟ್ ಮಂದಿ ಅದಾರ್ರಿ?" ಎಂದಳು.

"ಒಂಬತ್ತು."

"ನಾ ಒಬ್ಬಾಕಿ. ಕಸಾ ತಗಿಯಾಕ ಒಂಬತ್ತ್ ಮಂದಿ ಇಳದ್ರ ಹೊಲ ಜಲ್ದಿ ಮುಗೀತೈತೋ, ಒಬ್ಬಾಕಿ ಇಳದ್ರ ಮುಗೀತೈತೋ? ಅವರ ಕಲೀಲಿ."

ರೊಟ್ಟಿಯ ಸಪ್ಪಳ

ಊರಿಂದ ಜೋಳದ ಹಿಟ್ಟು ಒಯ್ದಿದ್ದೆವು. ಒಂದು ಮುಂಜಾನೆ ನಮ್ಮ ಖೋಲಿಯಲ್ಲಿ ಆಕೆ ರೊಟ್ಟಿ ಬಡಿಯಲು ಕುಳಿತಳು. ಆಕೆಯ ಕೈ ಅಂದರೆ ಕೈ, ಬಡಿದ ಸಪ್ಪಳ ದೊಡ್ಡ ಮನೆಯವರೆಗೂ ಕೇಳಿತು. ಸಾವಕಾರರು ಬರಿಗಾಲಲ್ಲಿ ಓಡಿ ಬಂದರು. ಹಿಂದೆ ಯಜಮಾನಿ. ನಾನು ಹೊರಗೆ ಬಾಗಿಲಿಗೆ ಆತು ನಿಂತಿದ್ದೆ.

ಯಜಮಾನಿ ನನ್ನನ್ನು ಬಾಜೂಕ್ಕೆ ಕರೆದು ಮೆಲ್ಲಗೆ ಕೇಳಿದಳು. "ಹೆದರಬೇಡ, ಖರೆ ಹೇಳು. ಹೆಂಡತಿ ದಿನಾ ಹೊಡೆಯುತ್ತಾಳೇನು?"

ಒಳಗೆ ಕರೆದೊಯ್ದು ರೊಟ್ಟಿ ತೋರಿಸಿದೆ. ಇಬ್ಬರೂ ಒಂದೊಂದು ತಿಂದು ಹೋದರು. ನಮ್ಮಾಕಿಗೆ ಸಂಗತಿ ತಿಳಿಸಿದೆ. ಆಕೆಗೆ ನನ್ನ ಮೇಲೇ ಸಿಟ್ಟು.

"ಹೌದು ಹೊಡೀತಾಳ ಅನಬೇಕಿತ್ರಿ! ನಮ್ಮನ್ನ ಊರಿಗಿ ಕಳಸಾಕ ಅಂಜತಿದ್ರು."

ಅತ್ತೆಯ ಕಾಫಿ

ಮೂರು ತಿಂಗಳು ಮುಗಿಯಿತು. ಆಕೆಗೆ ಒಂದೂ ಅರಬ್ಬಿ ಶಬ್ದ ಬರಲಿಲ್ಲ. ಅದೇ ವಾರ ಯಜಮಾನಿಯ ಅತ್ತೆ ಹಳ್ಳಿಯಿಂದ ಬಂದಳು. ಆ ಮುದುಕಿಗೆ ಮನೆ ಮಂದಿಯೆಲ್ಲ ಅಂಜುತ್ತಿದ್ದರು. ನಮ್ಮನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಅತ್ತೆಯೇ ಹೇಳಲಿ ಎಂದು ಯಜಮಾನಿ ಬಿಟ್ಟಳು.

ಪಡಸಾಲೆಯಲ್ಲಿ ನಮ್ಮಾಕಿ ಕಾಫಿ ಕೊಡುತ್ತಿದ್ದಳು. ಅಲ್ಲಿ ಕಾಫಿಗೆ ಹಿಡಿಕೆಯಿಲ್ಲದ ಸಣ್ಣ ಬಟ್ಟಲು. ಸಾಕಾದರೆ ಬಟ್ಟಲು ಅಲ್ಲಾಡಿಸಬೇಕು, ಅದೇ ಪದ್ಧತಿ. ಮೂರು ಬಟ್ಟಲು ಕುಡಿದು ಮುದುಕಿ ಅಲ್ಲಾಡಿಸಿದಳು. ನಮ್ಮಾಕಿ ಸುರುವಿದಳು. ಮುದುಕಿ ಮತ್ತೆ ಅಲ್ಲಾಡಿಸಿದಳು. ನಮ್ಮಾಕಿ ಮತ್ತೆ ಸುರುವಿದಳು. ಮೂರನೆಯ ಸಲ ಮುದುಕಿ ಜೋರಾಗಿಯೇ ಅಲ್ಲಾಡಿಸಿದಳು. ನಮ್ಮಾಕಿ ಅವಳ ಕೈ ಗಟ್ಟಿ ಹಿಡಿದು, "ಇನ್ನೊಂದೀಟ ತಗೋ ಬೇ ಯವ್ವಾ, ನನ್ನ ಆಣಿ ಐತಿ" ಎಂದು ತುಂಬಿಯೇ ಬಿಟ್ಟಳು.

ಯಜಮಾನಿ ಕಣ್ಣು ಮುಚ್ಚಿಕೊಂಡಳು. ಬಾಗಿಲ ಹೊರಗೆ ನೀರಿನ ಪೈಪು ಹಿಡಿದು ನಿಂತಿದ್ದ ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದೆ.

ಮುದುಕಿ ಬಟ್ಟಲು ನೋಡಿದಳು. ನಮ್ಮಾಕಿಯ ಮುಖ ನೋಡಿದಳು. ಕುಡಿದಳು. ಆಮೇಲೆ ಸೊಸೆಗೆ ಏನೋ ಬಿರುಸಾಗಿ ಅಂದಳು. ಯಜಮಾನಿ ತಲೆ ತಗ್ಗಿಸಿ ನನಗೆ ತಿಳಿಸಿದಳು. "ನಾನು ಸಾಕು ಅಂದರೆ ನೀವೆಲ್ಲ ಅಷ್ಟಕ್ಕೇ ಬಿಡುತ್ತೀರಿ, ಇವಳು ಬಿಡಲಿಲ್ಲ ಅಂತಾರೆ ಅತ್ತೆ. ಇವಳು ಇರಬೇಕಂತೆ."

ಅಡಿಗೆಮನೆಗೆ ಹೋಗಿ ನಾನು ದನಿ ಏರಿಸಿದೆ. "ಬಟ್ಟಲಾ ಅಲ್ಲಾಡಿಸಿದ್ರ ಸಾಕು ಅಂತ ಅರ್ಥ. ಇಷ್ಟೂ ತಿಳೀಲಿಲ್ಲೇನ ನಿನಗ?"

"ಮೂರ್ ತಿಂಗಳಿಂದ ದಿನಾ ನೋಡಾಕತ್ತೇನಿ, ತಿಳೀದ ಏನ್ರಿ?"

"ಮತ್ತ್ಯಾಕ ಸುರುವಿದಿ?"

ಆಕೆ ಬಟ್ಟಲು ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಉಳದವ್ರು ಸಾಕು ಅಂದ್ರ ಸಾಕು. ಅತ್ತಿ ಸಾಕು ಅಂದ್ರ ಹಾಕಬೇಕು. ಹನ್ನೆರಡ ವರ್ಷ ನಿಮ್ಮವ್ವನ ಕಡೆ ಕಲ್ತೇನ್ರಿ."