ಏಳು ಮೆಟ್ಟಿಲಿನ ಮರ್ಯಾದೆ

ಶೇವಂತಿ: ಸಾವಕಾರ್ರ, 'ಅಂಗವಿಕಲರ ಗ್ಯಾಲರಿ' ಅಂತ ಫ್ಲೆಕ್ಸ್ ಕಟ್ಟೀರಿ, ಓದೇನಿ. ಆದ್ರ ಈ ಏಳು ಮೆಟ್ಟಲಾ ಯಾರ ಸಲುವಾಗಿ?

ಗೂಳಪ್ಪ: ಮೆಟ್ಟಲಾ ಇಲ್ಲದ ಸ್ಟೇಜ್ ಏರೂದು ಹ್ಯಾಂಗಬೇ?

ಶೇವಂತಿ: ಅದನ್ನ ನಾ ನಿಮಗ ಕೇಳಾಕತ್ತೇನಿ.

ಬನಹಟ್ಟಿಯ ಬಜಾರ ರಸ್ತೆಯಲ್ಲಿ ಮರುದಿನದ ರಾಜ್ಯೋತ್ಸವ ಮೆರವಣಿಗೆಗೆ ತಯಾರಿ ನಡೆದಿತ್ತು. ಬಟ್ಟೆ ಅಂಗಡಿಯ ಗೂಳಪ್ಪ ಮೆರವಣಿಗೆ ಸಮಿತಿಯ ಅಧ್ಯಕ್ಷ. ಶೇವಂತಿ ನೇಕಾರರ ಮನೆಗಳಿಗೆ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುವವಳು. ಚಿಕ್ಕಂದಿನಿಂದ ಎರಡೂ ಕಾಲಿಗೆ ಬಲವಿಲ್ಲ. ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲೇ ಅವಳ ಓಡಾಟ. ಪೆಂಡಾಲಿನ ಶಿವಪುತ್ರ ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು ಏಳನೆಯ ಮೆಟ್ಟಿಲು ಬಡಿಯುತ್ತಿದ್ದ.

ಗೂಳಪ್ಪ: ನೋಡು ತಂಗಿ, ಮರ್ಯಾದಿ ಅಂದ್ರ ಎತ್ತರ. ದೊಡ್ಡ ಅತಿಥಿಗಳನ್ನ ಯಾರರ ನೆಲಕ್ಕ ಕುಂಡ್ರಸ್ತಾರೇನು? ಸಮಿತಿಯವರು ಐದು ಮೆಟ್ಟಲಾ ಸಾಕು ಅಂದ್ರು. ನಾನ ಹಟಾ ಹಿಡದೆ. ಅಂಗವಿಕಲರಿಗೆ ಕಡಿಮಿ ಮಾಡಬ್ಯಾಡ್ರಿ, ಏಳು ಮಾಡ್ರಿ ಅಂದೆ.

ಶೇವಂತಿ: ಉಪಕಾರ ದೊಡ್ಡದಾತು ನೋಡ್ರಿ. ಇನ್ನೂ ನಾಕು ಹಾಕಿಸಿದ್ರ ಕಾಲಿದ್ದವರೂ ನಮ್ಮ ಜೋಡಿ ಕೆಳಗ ಉಳೀತಿದ್ರು.

ಶಿವಪುತ್ರ (ಮೊಳೆ ಬಾಯಿಂದ ತೆಗೆದು): ನಾ ಐದಕ್ಕಷ್ಟ ಹಲಿಗಿ ತಂದಿದ್ದೆ ಅಕ್ಕಾ. ಬಾಜೂಕ ಕೈ ಹಿಡಿಯೂ ಕಟಿಗಿ ಇದ್ವಲ್ಲ, ಅವನ್ನ ಬಿಚ್ಚಿ ಎರಡು ಮೆಟ್ಟಲಾ ಮಾಡೇನಿ.

ಗೂಳಪ್ಪ: ನೀ ಬಡಿಯೂದು ಬಡಿ. ಶೇವಂತಿ, ಏರೂ ಚಿಂತಿ ನಿನಗ ಬ್ಯಾಡ. ನಾಕು ಗಟ್ಟಿ ಆಳು ಇಟ್ಟೇನಿ. ಗಾಡಿ ಸಮೇತ ಹೂವಿನಾಂಗ ಎತ್ತಿ ಇಡತಾರ.

ಶೇವಂತಿ: ಹೋದ ವರ್ಸ ಒಂದು ಕಾರ್ಯಕ್ರಮದಾಗ ಎತ್ತಿದ್ರಲ್ಲ, ಹೂವಿನಾಂಗ! ಅರ್ಧಕ್ಕ ಎತ್ತಿ, ಫೋಟೋದಾಂವ ಬರಲಿ ಅಂತ ಹಂಗ ಹಿಡಕೊಂಡು ನಿಂತ್ರು. ನಾ ಸೆರಗು ಹಿಡೀಲೋ, ಗಾಡಿ ಹಿಡೀಲೋ? ಫೋಟೋದಾಗ ನಾಕೂ ಮಂದಿ ಚಂದಾಗಿ ನಕ್ಕಾರ. ನನ್ನ ಮಾರಿ ಒಬ್ಬನ ಮೊಳಕೈ ಹಿಂದ ಐತಿ.

ಗೂಳಪ್ಪ: ಈ ಸಲ ಮಾರಿ ಕಾಣೂಹಂಗ ಹಿಡೀರಿ ಅಂತ ಹೇಳ್ತೇನಿ.

ಶೇವಂತಿ ಕತ್ತೆತ್ತಿ ಮೇಲಿನ ಖುರ್ಚಿಗಳನ್ನು ನೋಡಿದಳು. ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿದ್ದರು.

ಶೇವಂತಿ: ಎಲ್ಲಾರಕಿಂತ ಮುಂದಿನ ಖುರ್ಚಿ ಯಾರದ್ರಿ?

ಗೂಳಪ್ಪ: ಲಗಮಣ್ಣಜ್ಜಂದು. ಪಾಪ, ಅಂವಗ ಕಣ್ಣ ಇಲ್ಲ. ಮುಂದ ಕುಂತ್ರ ಛಲೋ ಕಾಣಲಿ ಅಂತ.

ಶಿವಪುತ್ರನ ಸುತ್ತಿಗೆ ಗಾಳಿಯಲ್ಲೇ ನಿಂತಿತು.

ಶೇವಂತಿ: ಏನೇನ ಹೊಂಟೈತಿ ಅಂತ ಬಾಜೂಕ ಕುಂತು ಹೇಳಾಕ ಒಬ್ಬರನ್ನ ಕೊಡ್ರಿ ಅಂತ ಅಜ್ಜ ನಿಮಗ ಕೇಳಿದ್ದ. ಆ ಮನಷ್ಯಾ ಎಲ್ಲಿ?

ಗೂಳಪ್ಪ: ಮುಂದಿನ ಖುರ್ಚಿನ ಕೊಟ್ಟ ಮ್ಯಾಲ ಮನಷ್ಯಾ ಯಾಕ?

ಶೇವಂತಿ: ಕಿವಿ ಕೇಳದ ಅನುರಾಧಾನ ಖುರ್ಚಿ ಸ್ಪೀಕರ್ ಬಾಯಿಗೆ ಹಚ್ಚಿ ಇಟ್ಟೀರಿ.

ಗೂಳಪ್ಪ: ಅಲ್ಲಿ ಬ್ಯಾರೆ ಯಾರೂ ಕುಂಡ್ರೂದಿಲ್ಲಂದ್ರು. ಜಾಗಾ ಸುಮ್ಮನ ಯಾಕ ಹಾಳಾಗಬೇಕು?

ಶೇವಂತಿ: ಇಷ್ಟೆಲ್ಲಾ ವಿಚಾರ ಮಾಡಾಕ ನಿಮಗ ಎಷ್ಟು ಸಭಾ ಬೇಕಾದ್ವು?

ಗೂಳಪ್ಪ: ಮೂರು. ಒಂದರಾಗ ಬರೇ ಚಹಾ ಆತು.

ಶೇವಂತಿ: ಇರಲಿ. ನನಗ ಗ್ಯಾಲರಿನ ಬ್ಯಾಡ. ನಾ ಅರ್ಜಿ ಕೊಟ್ಟಿದ್ದು ಮೆರವಣಿಗಿ ನೋಡಾಕಲ್ಲ, ಮೆರವಣಿಗ್ಯಾಗ ಹೋಗಾಕ. ನನ್ನ ಕಡೆ ಕಂಡಿಕಿ ಸುತ್ತಾಕ ಕಲತ ಹನ್ನೊಂದು ಹೆಣ್ಮಕ್ಕಳು ನಾಳೆ ನೇಕಾರರ ಬಾವುಟಾ ತೊಗೊಂಡು ಹೊಂಟಾರ. ಬಾವುಟಾ ನನ್ನ ಗಾಡಿಗೇ ಕಟ್ಟಬೇಕಂತ ಅವರ ಹಟಾ. ಅವರು ಕೆಳಗ ಹೋಗೂದು, ನಾ ಮ್ಯಾಲ ಕುಂತು ಯಾರೋ ಪರಊರವರಂಗ ಕೈ ಬೀಸೂದು! ಆಗೂದಿಲ್ರಿ.

ಗೂಳಪ್ಪ: ಅಯ್ಯ, ಅದಕ್ಕೂ ಜಾಗಾ ಇಟ್ಟೇವಲ್ಲ!

ಅವನು ಅಂಗಿಯ ಕಿಸೆಯಿಂದ ಮೆರವಣಿಗೆಯ ಪಟ್ಟಿ ತೆಗೆದು, ಕನ್ನಡಕ ಮೂಗಿನ ತುದಿಗೆ ಇಳಿಸಿ ಓದತೊಡಗಿದ.

ಗೂಳಪ್ಪ: ಮೊದಲ ತಾಯಿ ಭುವನೇಶ್ವರಿ ಫೋಟೋ ಇಟ್ಟ ಟ್ರ್ಯಾಕ್ಟರ್. ಆಮ್ಯಾಲ ಸಾಲಿ ಮಕ್ಕಳ ಲೇಜಿಮ್. ಕುಂಭ ಹೊತ್ತ ಹೆಣ್ಮಕ್ಕಳು. ಡೊಳ್ಳು. ಹದಿನಾಕು ಕುದರಿ. ಆಮ್ಯಾಲ, ಇಲ್ಲಿ ನೋಡು, ಕಡೀಕ, ಮೂರು ಗಾಲಿ ಗಾಡಿಗಳು.

ಶೇವಂತಿ: ಕುದರಿ ಹಿಂದ?

ಗೂಳಪ್ಪ: ಕುದರಿ ಬೆನ್ನ ಹಿಂದ ಬರೂದಂದ್ರ ಗತ್ತು ಅಲ್ಲೇನ?

ಶೇವಂತಿ: ಸಾವಕಾರ್ರ, ಕುದರಿ ಲದ್ದಿ ಹಾಕಿದ್ರ ನಡಿಯೂ ಮಂದಿ ದಾಟಿ ಹೋಗ್ತಾರ. ನನ್ನ ಗಾಲಿ ಅದನ್ನ ಎತ್ತಿ ನೇರ ನನ್ನ ಮಡ್ಲಿಗೆ ಒಗೀತೈತಿ. ರಾಜ್ಯೋತ್ಸವದ ದಿನಾ ಹೊಸಾ ಸೀರಿ ಉಟ್ಟು ಲದ್ದೀಲೆ ಉಡಿ ತುಂಬಿಸ್ಕೋಬೇಕೇನ್ರಿ?

ಗೂಳಪ್ಪ: ಹಂಗಾರ ಡೊಳ್ಳಿನ ಹಿಂದ, ಕುದರಿ ಮುಂದ ಹಾಕೂಣು.

ಶೇವಂತಿ: ಹಿಂದ ಹಾಕಿದ್ರ ನೀವು ನಮ್ಮನ್ನ ಬಿಟ್ಟು ಹೋಗ್ತೀರಿ. ಎಲ್ಲಾರಕಿಂತ ಮುಂದ ಹಾಕ್ರಿ. ನಮ್ಮ ಗಾಡಿ ಹ್ಯಾಂಗ ಹೊಂಟಾವೋ ಉಳದವರು ಹಂಗ ಬರಲಿ.

ಗೂಳಪ್ಪ: ಎಂಥಾ ಮಾತಬೇ! ಮೆರವಣಿಗಿ ತಡ ಆಗತೈತಿ.

ಶೇವಂತಿ: ಹೋದ ವರ್ಸ ಅತಿಥಿ ಕಾರ್ ಬರಲಿಲ್ಲಂತ ಊರ ಮಂದೀನ ಎರಡು ತಾಸು ಬಿಸಲಾಗ ನಿಂದ್ರಸಿದ್ರಿ. ಅದಕ್ಕ ತಡ ಅನಲಿಲ್ಲ, ಶಿಸ್ತು ಅಂದ್ರಿ. ನನ್ನ ಗಾಡಿ ಹತ್ತು ಮಿನಿಟು ನಿಧಾನ ಆದ್ರ ತಡ!

ಗೂಳಪ್ಪ: ಪಟ್ಟಿ ಬದಲ ಆಗೂದಿಲ್ಲ. ಸ್ಟೇಜೂ ಬದಲ ಆಗೂದಿಲ್ಲ. ಮುಗೀತು.

ಶಿವಪುತ್ರ: ಇಳಿಜಾರ ಹಲಿಗಿ ಒಂದು ಹಾಕಿದ್ರ...

ಗೂಳಪ್ಪ: ಅದಕ್ಕ ನಾಕು ದಿನಾ ಬೇಕು. ಇಂಜಿನಿಯರ್ ಬೇಕು. ನಿನಗೇನ ತಿಳೀತೈತಿ? ಏಳು ಮೆಟ್ಟಲಾ ಅಂದ್ರ ಏನ ಗುಡ್ಡಾ? ನನಗ ಅರವತ್ತೇಳು ನಡದಾವು. ನೋಡ್ರಿ ಇಲ್ಲೆ!

ಗೂಳಪ್ಪ ಧೋತರದ ಚುಂಗು ಎತ್ತಿ ಹಿಡಿದು ದಡದಡ ಏರಿದ. ಚಹಾದ ಅಂಗಡಿಯ ಮುಂದೆ ನಿಂತಿದ್ದವರು ಚಪ್ಪಾಳೆ ಹೊಡೆದರು. ಅವನು ಅವರತ್ತ ಕೈ ಬೀಸಿ, ಇಳಿಯಲೆಂದು ತಿರುಗಿ ಬಲಗಾಲು ಮುಂದಿಟ್ಟ. ಹಿಂದಕ್ಕೆ ತೆಗೆದುಕೊಂಡ. ಎಡಗಾಲು ಇಟ್ಟ. ಅದನ್ನೂ ತೆಗೆದುಕೊಂಡ.

ಶೇವಂತಿ: ಇಳೀರಿ ಸಾವಕಾರ್ರ.

ಗೂಳಪ್ಪ: ಇಳೀತೇನಿ. ಅವಸರೇನೈತಿ? ಗಾಳಿ ಛಲೋ ಐತಿ ಇಲ್ಲೆ.

ಗಾಳಿ ತೆಗೆದುಕೊಳ್ಳುತ್ತ ಅವನು ಬಹಳ ಹೊತ್ತು ನಿಂತ. ಹಣೆಯ ಮೇಲೆ ಬೆವರು ಮೂಡಿತು.

ಗೂಳಪ್ಪ: ಶಿವಪುತ್ರಾ, ಹಿಡಕೊಳ್ಳಾಕ ಇಲ್ಲಿ ಏನೂ ಇಲ್ಲಲ್ಲೋ!

ಶಿವಪುತ್ರ: ಕೈ ಹಿಡಿಯೂ ಕಟಿಗಿ ನಿಮ್ಮ ಕಾಲ ಕೆಳಗ ಅದಾವ್ರಿ.

ಗೂಳಪ್ಪ: ಮೊಳಕಾಲು ಹಿಡಕೊಂಡಾವು. ಏರುವಾಗ ಸುಮ್ಮನಿದ್ವು, ಈಗ ಮಾತು ಕೇಳವಲ್ವು.

ಶಿವಪುತ್ರ: ನಾಕು ಆಳಿಗೆ ಫೋನ್ ಹಚ್ಚಲೇನ್ರಿ? ಹೂವಿನಾಂಗ...

ಗೂಳಪ್ಪ: ಹುಚ್ಚದೀಯೇನ! ನಡು ಬಜಾರದಾಗ ನನ್ನ ಕೈ ಕಾಲು ಹಿಡದು ನಾಕು ಮಂದಿ ಎತ್ತೂದು? ಮಾನ ಅನ್ನೂದೈತೋ ಇಲ್ಲೋ?

ಶೇವಂತಿ: ಅಂಜಬ್ಯಾಡ್ರಿ. ಮಾರಿ ಕಾಣೂಹಂಗ ಹಿಡೀರಿ ಅಂತ ನಾ ಹೇಳ್ತೇನಿ.

ಚಹಾದ ಅಂಗಡಿಯ ಮುಂದೆ ಎರಡು ಮೊಬೈಲು ಮೇಲೆದ್ದವು. ಗೂಳಪ್ಪ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದ.

ಗೂಳಪ್ಪ: ಖರೆ ಹೇಳೋ ಶಿವಪುತ್ರಾ. ಇಳಿಜಾರ ಹಾಕಾಕ ಎಷ್ಟೊತ್ತು ಬೇಕು?

ಶಿವಪುತ್ರ: ಸ್ಟೇಜಿಗೆ ಹಾಸಿ ಉಳದ ಉದ್ದಾನ ಹಲಿಗಿ ನನ್ನ ಸಾಮಾನಿನ ಗಾಡ್ಯಾಗ ಅದಾವ್ರಿ. ಅರ್ಧ ತಾಸು.

ಗೂಳಪ್ಪ: ಮತ್ತ ಇಂಜಿನಿಯರ್?

ಶಿವಪುತ್ರ: ಅಂವ ಬಂದ್ರ ನಾಕು ದಿನಾ.

ಗೂಳಪ್ಪ: ಹಾಕ ಮತ್ತ! ಏನ ನೋಡಕೋತ ನಿಂತಿ?

ಶಿವಪುತ್ರ ಹಲಗೆ ಎಳೆದು ತಂದ. ಶೇವಂತಿ ಗಾಡಿಯ ಹಿಡಿ ಎರಡು ಸುತ್ತು ತಿರುಗಿಸಿ ಸ್ಟೇಜಿಗೂ ಹಲಗೆಗೂ ನಡುವೆ ತಂದು ನಿಲ್ಲಿಸಿದಳು.

ಶೇವಂತಿ: ತಡಿ ತಮ್ಮಾ. ಸಾವಕಾರ್ರ, ಪಟ್ಟಿ ನಿಮ್ಮ ಕೈಯಾಗ ಐತಿ, ಪೆನ್ನು ಕಿಸೇದಾಗ ಐತಿ.

ಗೂಳಪ್ಪ: ಇದು ಜುಲುಮಿ ಆತಬೇ!

ಶೇವಂತಿ: ನೀವು ಎತ್ತರದಾಗ ಅದೀರಿ, ನಾ ನೆಲದಾಗ. ನಾ ಹ್ಯಾಂಗ ಜುಲುಮಿ ಮಾಡ್ಲಿ?

ಗೂಳಪ್ಪ ಒಂದು ಸಲ ಮೆಟ್ಟಿಲು ನೋಡಿದ, ಒಂದು ಸಲ ಮೊಬೈಲುಗಳನ್ನು ನೋಡಿದ. ಆಮೇಲೆ ಲಗಮಣ್ಣಜ್ಜನ ಖುರ್ಚಿಯಲ್ಲಿ ಕುಳಿತು, ಪಟ್ಟಿಯ ಮೇಲ್ತುದಿಯಲ್ಲಿ ನೇಕಾರರ ಬಾವುಟ, ಶೇವಂತಿ ಮತ್ತು ಎಲ್ಲ ಮೂರು ಗಾಲಿ ಗಾಡಿಗಳು ಎಂದು ಬರೆದ. ಕುದುರೆಗಳನ್ನು ಕೊನೆಗೆ ತಳ್ಳಿದ. ಹಾಳೆ ಕೆಳಗೆ ಬಂತು. ಶೇವಂತಿ ಬೆರಳಿಟ್ಟು ಓದಿ, ಅದನ್ನು ಶಿವಪುತ್ರ ಎತ್ತಿ ಹಿಡಿದ ಹಲಗೆಯ ತುದಿಗೆ ಸಿಕ್ಕಿಸಿ ಮೇಲಕ್ಕೆ ಕಳಿಸಿದಳು.

ಶೇವಂತಿ: ಅಜ್ಜನ ಬಾಜೂಕ ಕುಂಡ್ರೂ ಮನಷ್ಯಾ ಉಳದಾನ್ರಿ. ಅನುರಾಧಾನ ಖುರ್ಚೀನೂ.

ಗೂಳಪ್ಪ: ಬರದೆ! ಎರಡೂ ಬರದೆ! ಸಹಿ ಸುದ್ದಾ ಹಾಕೇನಿ. ಹಲಿಗಿ ಹಾಕಸು ಇನ್ನ.

ಶೇವಂತಿ ಮತ್ತೆ ಕೆಳಗೆ ಬಂದ ಹಾಳೆಯನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿ ತಿರುಗಿಸಿದಳು.

ಗೂಳಪ್ಪ: ಏ, ಎಲ್ಲಿ ಹೊಂಟಿ?

ಶೇವಂತಿ: ಮೈಕಿನವನ ಕಡೆ. ಪಟ್ಟಿ ಊರಿಗೆಲ್ಲಾ ಒಮ್ಮೆ ಒದರಿಸಿ ಬರ್ತೇನ್ರಿ. ಆಮ್ಯಾಲ ಹಲಿಗಿ.

ಗೂಳಪ್ಪ: ಸಹಿ ಹಾಕೀನಲ್ಲಬೇ! ನನ್ನ ಮ್ಯಾಲ ಅಷ್ಟೂ ನಂಬಿಗಿ ಇಲ್ಲೇನ?

ಶೇವಂತಿ: ಅಲ್ಲೆ ಇರೂತನಕಾ ಪೂರಾ ನಂಬಿಗಿ ಐತ್ರಿ. ಕೆಳಗ ಇಳದ್ರ ನೀವು ಮತ್ತ ಅಧ್ಯಕ್ಷರಾಗ್ತೀರಿ.