ಏರು ಹತ್ತುವ ಟೈರು

ಟೈರು ಅಂಗಡಿ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಜೂನ್ ತಿಂಗಳ ಮೊದಲ ಮಳೆ ಬಿದ್ದ ಮರುದಿನ ಪ್ರಸಂಗಗಳು ತಾವಾಗಿಯೇ ಜೀಪು ಹತ್ತಿ ಬಂದು ಅಂಗಡಿ ಮುಂದೆ ಇಳಿಯುತ್ತವೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಶಿರಸಿಗೆ ಬಂದು ಟೈರು ಅಂಗಡಿ ತೆರೆದೆ. ಘರ್ಷಣೆಯ ಬಗ್ಗೆ ಓದಿದವನು ಘರ್ಷಣೆಯನ್ನೇ ಮಾರಿದರೆ ತಪ್ಪೇನು ಎಂಬುದು ನನ್ನ ವಾದ. ಅಪ್ಪನಿಗೆ ಅದು ಹಿಡಿಸಲಿಲ್ಲ. "ಎರಡು ಮಳೆಗಾಲ ನೋಡನ ತಮಾ. ನಡೆಯದಿದ್ರೆ ಸುಮ್ಮನೆ ಕಾಲೇಜಿಗೆ ಅರ್ಜಿ ಹಾಕು" ಎಂದರು. ಅಷ್ಟಕ್ಕೇ ಬಿಡದೆ, ಉಪನ್ಯಾಸಕರ ಹುದ್ದೆಯ ಅರ್ಜಿ ನಮೂನೆಯೊಂದನ್ನು ತಂದು ನನ್ನ ಮೇಜಿನ ಖಾನೆಯಲ್ಲಿಟ್ಟು ಹೋದರು.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಆಗ ಡಾಂಬರು ಮುಗಿದ ಮೇಲೆ ಊರು ಸೇರಲು ಒಂದು ಕೆಮ್ಮಣ್ಣಿನ ಏರು ಇರಲೇಬೇಕಿತ್ತು. ಮಳೆಗಾಲದಲ್ಲಿ ಅದರ ಮೇಲೆ ನಾಯಿಯೂ ಯೋಚನೆ ಮಾಡಿ ಕಾಲಿಡುತ್ತಿತ್ತು. ಬೇರೆ ಕಡೆಯ ಜನ ಇಂಥ ರಸ್ತೆಗೆ ನಾಚಿಕೊಂಡಾರು. ನಮ್ಮವರಿಗೆ ಅದೇ ಹೆಮ್ಮೆ. ಒಂದು ದಿನ ಅಂಗಡಿಯಲ್ಲಿ ಸೋಂದಾ ಕಡೆಯವರೊಬ್ಬರು, "ಎಂಗಳ ಏರಲ್ಲಿ ಹೋದ ವರ್ಷ ಲಾರಿ ನಾಲ್ಕು ದಿನ ಹೂತು ನಿಂತಿತ್ತು" ಎಂದರು. ಪಕ್ಕದಲ್ಲಿ ಕೂತಿದ್ದ ಸಿದ್ದಾಪುರದವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, "ನಾಲ್ಕೇ ದಿನವಾ?" ಎಂದು ಕೇಳಿದರು. ಸೋಂದಾದವರು ಎದ್ದು ಬೇರೆ ಕುರ್ಚಿಗೆ ಹೋದರು.

ಇಷ್ಟೆಲ್ಲ ಏರುಗಳಿದ್ದರೂ ಜನ ಟೈರು ತರುತ್ತಿದ್ದುದು ಹುಬ್ಬಳ್ಳಿಯಿಂದ. ಅವರನ್ನು ನನ್ನ ಅಂಗಡಿಯ ಮೆಟ್ಟಿಲು ಹತ್ತಿಸಲು ನನಗಿದ್ದ ಅವಧಿ ಎರಡು ಮಳೆಗಾಲ.

೧. ಬಲಿತ ಟೈರು

ಮೊದಲ ತಿಂಗಳಲ್ಲೇ ಒಬ್ಬ ಹಿರಿಯರು ಬಂದರು. ನಾನು ಟೈರಿನ ಗೀರು ಎಷ್ಟು ಆಳವಿರಬೇಕು, ಕೆಸರು ಹೇಗೆ ಹೊರಗೆ ಉದುರಬೇಕು ಎಂದು ಕಾಲು ಗಂಟೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಎದ್ದು, ಸಾಲಾಗಿ ನಿಲ್ಲಿಸಿದ್ದ ಟೈರುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದಕ್ಕೂ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂದು ನೋಡುವುದು ಹೀಗೇ.

"ಟೈರನ್ನ ಹೀಗೆ ನೋಡುದಲ್ಲ" ಎಂದೆ.

"ನೀನು ಓದಿ ಕಲ್ತೆ. ಆನು ತಟ್ಟಿ ಕಲ್ತಿ" ಎಂದರು.

ಮೂರನ್ನು ತಳ್ಳಿ, ನಾಲ್ಕನೆಯದನ್ನೂ ಏಳನೆಯದನ್ನೂ ಆರಿಸಿದರು. ಸುಮ್ಮನೆ ಕುತೂಹಲಕ್ಕೆ ಅಳೆದು ನೋಡಿದೆ. ಇಡೀ ಸಾಲಿನಲ್ಲಿ ಗೀರು ಆಳವಾಗಿದ್ದ ಟೈರುಗಳು ಅವೆರಡೇ. ಉಳಿದವು ಏಕೆ ಬೇಡ ಎಂದು ಕೇಳಿದೆ.

"ಇನ್ನೂ ಎಂಟು ದಿನ ಹೋಗಲಿ" ಎಂದರು.

೨. ಬಿಳಿ ಕೆಸರು

ಟೈರು ಕಂಪನಿಯೊಂದು ನನಗೆ ಬಣ್ಣದ ಪುಸ್ತಿಕೆ ಕಳಿಸಿತ್ತು. ಅದರಲ್ಲಿ ಹಿಮ ಬೀಳುವ ದೇಶಗಳಿಗೆಂದೇ ಮಾಡಿದ ಚಳಿಗಾಲದ ಟೈರಿನ ಚಿತ್ರ. ಸುತ್ತ ಬೆಳ್ಳಗೆ ಹಿಮ, ನಡುವೆ ಒಂದು ಹಳ್ಳಿ ರಸ್ತೆ, ಅದರ ಮೇಲೆ ಕೆಂಪು ಕಾರು. ಸಿದ್ದಾಪುರದ ಒಬ್ಬ ಕೃಷಿಕರು, "ಎಂಗೆ ಇದೇ ಬೇಕು" ಎಂದು ಅದರ ಮೇಲೆ ಬೆರಳಿಟ್ಟರು.

ನಾನು ನಿಧಾನವಾಗಿ ತಿಳಿಸಿದೆ. ಅದರ ರಬ್ಬರು ಮೆತ್ತಗೆ, ಚಳಿಯಲ್ಲಿ ಗಟ್ಟಿಯಾಗಬಾರದೆಂದು ಹಾಗೆ ಮಾಡಿರುತ್ತಾರೆ. ನಮ್ಮ ಸೆಖೆಯಲ್ಲಿ ಒಂದೇ ಬೇಸಿಗೆಗೆ ಸವೆದುಹೋದೀತು. ಹಿಮವೇ ಬೇರೆ, ನಮ್ಮ ಮಣ್ಣೇ ಬೇರೆ.

ಅವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ಮತ್ತೊಮ್ಮೆ ನೋಡಿದರು. "ಎಂತ ಬೇರೆ? ಅವರ ಕೆಸರು ಬಿಳಿ ಇದ್ದು, ಅಷ್ಟೇಯ."

"ಜಾರುವುದು ಎರಡೂ ಜಾರುತ್ತದೆ, ಆದರೆ..."

"ನಮ್ಮ ಏರಿಗೆ ಈ ಕಾರು ತಂದು ಬಿಟ್ರೆ ಹತ್ತುಗಾ?"

"ಹತ್ತಲಿಕ್ಕಿಲ್ಲ."

ಅವರ ಮುಖ ಅರಳಿತು. ಪುಸ್ತಿಕೆಯನ್ನು ಮಡಚಿ ನನಗೇ ಕೊಟ್ಟು, ನಾನು ಹೇಳಿದ ಮಾಮೂಲಿ ಟೈರನ್ನೇ ಹಾಕಿಸಿಕೊಂಡರು. ಜೀಪು ಹತ್ತುವಾಗ ಆ ದೇಶದವರ ಬಗ್ಗೆ ಕನಿಕರಪಟ್ಟು, "ಅವರದ್ದು ಪಾಪ, ಅರಿವೆಗೆ ಕಲೆಯೂ ಆಗ್ತಿಲ್ಲೆ" ಎಂದರು.

೩. ತಿರುಗಿಸಿ ಹಾಕಿದ ಟೈರು

ಟ್ರ್ಯಾಕ್ಟರಿನ ಟೈರಿನಲ್ಲಿರುವಂತೆ ಬಾಣದ ಆಕಾರದ ಹಲ್ಲುಗಳಿರುವ ಟೈರುಗಳಿವೆ. ಬಾಣದ ತುದಿ ಮುಂದಕ್ಕೆ ಉರುಳುವಂತೆ ಹಾಕಬೇಕು; ತಿರುಗಿಸಿ ಹಾಕಿದರೆ ಹಿಡಿತ ಕಡಿಮೆ. ಒಬ್ಬರು ಬಂದು, "ಎಂಗೆ ಹಿಂದಿನ ಎರಡನ್ನೂ ತಿರುಗಿಸೇ ಹಾಕು" ಎಂದರು.

ತಪ್ಪು ಎಂದೆ. ಚಿತ್ರ ಬರೆದು ತೋರಿಸಿದೆ. ಅವರು ನನ್ನ ಚಿತ್ರದ ಮೇಲೆ ತಮ್ಮ ಚಿತ್ರ ಬರೆದರು. ಅವರ ಮನೆ ಇಳಿಜಾರಿನ ಬುಡದಲ್ಲಿತ್ತು. ಅಂಗಳದಲ್ಲಿ ಜೀಪು ತಿರುಗಿಸಲು ಜಾಗವಿಲ್ಲ. ಮನೆಗೆ ಹೋಗುವಾಗ ಮುಂದಾಗಿ ಇಳಿಯುತ್ತಾರೆ, ಬರುವಾಗ ಅಷ್ಟೂ ಏರನ್ನು ರಿವರ್ಸಿನಲ್ಲೇ ಹತ್ತುತ್ತಾರೆ. ಹದಿನೈದು ವರ್ಷದಿಂದ ಹೀಗೇ. ಅಂದಮೇಲೆ ಅವರ ಲೆಕ್ಕವೇ ಸರಿ. ನಾನು ಸುಮ್ಮನೆ ಟೈರು ತಿರುಗಿಸಿ ಹಾಕಿದೆ. ಆದರೂ ಓದಿದವನ ಚಟ ಬಿಡಬೇಕಲ್ಲ.

"ಅಂಗಳದ ಮೂಲೆಯ ಆ ಮಣ್ಣಿನ ಧರೆ ಕಡಿಸಿದರೆ ಜೀಪು ತಿರುಗಿಸಲು ಜಾಗ ಆಗುತ್ತದಲ್ಲ?"

"ಧರೆ ಕಡಿಯುದಾ?" ಅವರು ಗಾಬರಿಯಾದರು. "ಆ ಏರನ್ನ ರಿವರ್ಸಲ್ಲಿ ಹತ್ತುಲೆ ನೆಂಟರಿಗೆ ಯಾರಿಗೂ ಧೈರ್ಯ ಇಲ್ಲೆ. ಮಳೆ ನಿಲ್ಲುವ ತನಕ ಕೂರ್ತ. ಎಂಗಳ ಮನೆಗೆ ಬಂದವ್ವು ಒಬ್ಬರೂ ಊಟ ಮಾಡದೇ ಹೋದ್ದಿಲ್ಲೆ ತಮಾ. ಅದೊಂದು ಹೆಸರಿದ್ದು ಎಂಗಕ್ಕೆ!"

೪. ಘಂಟೆಯೂ ಗ್ಯಾರಂಟಿಯೂ

ಎರಡನೆಯ ಮಳೆಗಾಲ ಶುರುವಾದರೂ ವ್ಯಾಪಾರ ಕುಂಟುತ್ತಿತ್ತು. ಕಾರಣ ಏನೆಂದು ಯಲ್ಲಾಪುರದ ಒಬ್ಬ ಗಿರಾಕಿಯಿಂದ ತಿಳಿಯಿತು. ಹಿಂದಿನ ವರ್ಷ ಟೈರು ಹಾಕಿಸಿಕೊಂಡು ಹೋದವರು, ಮಳೆಗಾಲವಿಡೀ ಜಾರದಿರಲಿ ಎಂದು ಚಂದಗುಳಿಯ ಗಣಪತಿಗೆ ಘಂಟೆ ಹರಕೆ ಹೊತ್ತಿದ್ದರಂತೆ. ಜೂನ್, ಜುಲೈ, ಆಗಸ್ಟ್ ಒಮ್ಮೆಯೂ ಜಾರಲಿಲ್ಲ. ಹೋಗಿ ಘಂಟೆ ಕಟ್ಟಿ ಬಂದರು. ಸೆಪ್ಟೆಂಬರಿನಲ್ಲಿ ಒಂದೇ ಒಂದು ಸಲ ಜೀಪು ಗಟಾರಕ್ಕೆ ಜಾರಿತು. ಅದರ ಸಿಟ್ಟನ್ನು ಜೋಪಾನವಾಗಿಟ್ಟುಕೊಂಡು ಈ ಜೂನಿನಲ್ಲಿ ನನ್ನ ಅಂಗಡಿಗೆ ಬಂದರು.

"ಎಂತ ಟೈರು ಕೊಟ್ರಿ ಮಾರಾಯ್ರೆ?"

"ಮೂರು ತಿಂಗಳು ಏರಿತಲ್ಲ?"

"ಅದು ಗಣಪತಿ ಏರಿಸಿದ್ದು."

"ಹಾಗಾದ್ರೆ ಜಾರಿದ್ದು?"

"ಅದು ನಿಮ್ಮ ಟೈರು."

ಹರಕೆ ಮುಗಿಯುವುದರೊಳಗೆ ಘಂಟೆ ಕಟ್ಟಿದ್ದು ತಪ್ಪಲ್ಲವೇ ಎಂದು ಕೇಳಿದೆ. "ದೇವರ ಹತ್ರ ಹಾಗೆಲ್ಲ ವಾದ ಮಾಡ್ಲಿಕ್ಕೆ ಬರ್ತದಾ? ಅದಕ್ಕೇ ನಿಮ್ಮ ಹತ್ರ ಬಂದದ್ದು."

ಆ ವಾರ ಅಪ್ಪ ಅಂಗಡಿಗೆ ಬಂದು, ಮೇಜಿನ ಖಾನೆ ಎಳೆದು ಅರ್ಜಿ ನಮೂನೆ ಇದೆಯೇ ಎಂದು ನೋಡಿಕೊಂಡು ಹೋದರು.

೫. ಮೂರು ಸಲದ ಏರು

ಮಾಗೋಡಿನ ಆಚೆ ಒಂದು ಊರಿದೆ. ಆ ಊರಿನವರು ಟೈರು ಕೊಳ್ಳುವ ಕ್ರಮವೇ ಬೇರೆ. ಮಳೆ ಚೆನ್ನಾಗಿ ಹಿಡಿದ ಮೇಲೆ ಒಂದು ಭಾನುವಾರ ಎಲ್ಲರೂ ಊರಿನ ಏರಿನ ತುದಿಯಲ್ಲಿ ಕೊಡೆ ಹಿಡಿದು ಸೇರುತ್ತಾರೆ. ಹೊಸ ಟೈರು ಹಾಕಿದ ಒಂದು ಜೀಪು ಬುಡದಿಂದ ಹೊರಡುತ್ತದೆ. ಚಕ್ರಕ್ಕೆ ಹಗ್ಗ ಸುತ್ತುವಂತಿಲ್ಲ, ಸರಪಳಿ ಕಟ್ಟುವಂತಿಲ್ಲ, ಯಾರೂ ನೂಕುವಂತಿಲ್ಲ. ಮೂರು ಸಲ ಅವಕಾಶ. ಹತ್ತಿದರೆ ಆ ವರ್ಷ ಊರಿನ ಎಲ್ಲ ಜೀಪುಗಳಿಗೂ ಅದೇ ಅಂಗಡಿಯ ಟೈರು. ಹತ್ತದಿದ್ದರೆ ಹುಬ್ಬಳ್ಳಿ.

ಆ ಊರಿನ ಬಾಡಿಗೆ ಜೀಪಿನ ಚಾಲಕ ಈ ಸಲ ನನ್ನ ಟೈರು ಹಾಕಿಸಿಕೊಂಡಿದ್ದ. ಆ ಭಾನುವಾರ ನಾನೂ ಅವನ ಜೊತೆ ಹೋದೆ. ಅರ್ಜಿ ತುಂಬಬೇಕೋ ಬೇಡವೋ ಎನ್ನುವುದು ಅಲ್ಲಿ ತೀರ್ಮಾನವಾಗುವುದಿತ್ತು.

ಜೀಪಿನ ಹಿಂದಿನ ಸೀಟಿನಲ್ಲಿ ನಾಲ್ಕೈದು ಜನ ಇದ್ದರು. ಬಾಗಿಲ ಬಳಿ ಚಾಲಕನ ಅಮ್ಮ. ಒಳ್ಳೆ ಮೈಕಟ್ಟಿನ ಹೆಂಗಸು. ಎರಡು ಜನರ ಜಾಗದಲ್ಲಿ ಸಂಕೋಚವಿಲ್ಲದೆ ಕೂತಿದ್ದರು. "ಅಮ್ಮ ಕೂತ್ರೆ ಗಾಡಿ ಏರೇ ಏರ್ತದೆ ಸಾರ್" ಎಂದ ಚಾಲಕ. "ಅವಳ ಕಾಲ್ಗುಣ. ಅವಳು ಇಳಿದ ದಿನ ಅರ್ಧಕ್ಕೇ ಜಾರ್ತದೆ."

ನನಗೆ ರೇಗಿತು. ಘಂಟೆಯ ಪ್ರಸಂಗ ಇನ್ನೂ ಮರೆತಿರಲಿಲ್ಲ. ಟೈರು ಹತ್ತಿದರೆ ಕೀರ್ತಿ ಈಗ ಅಮ್ಮನ ಕಾಲ್ಗುಣಕ್ಕೆ. "ಇದು ಟೈರಿನ ಪರೀಕ್ಷೆ. ಕಾಲ್ಗುಣದ್ದಲ್ಲ. ದಯವಿಟ್ಟು ಅವರು ಇಳಿಯಲಿ" ಎಂದೆ. ಅಮ್ಮ ಇಳಿದು, ಕೊಡೆ ಬಿಚ್ಚಿಕೊಂಡು ಏರಿನ ಬುಡದಲ್ಲಿ ನನ್ನ ಪಕ್ಕ ನಿಂತರು.

ಜೀಪು ಹೊರಟಿತು. ಅರ್ಧ ಏರಿನಲ್ಲಿ ಹಿಂದಿನ ಚಕ್ರಗಳು ಗಿರ್ರೆಂದು ತಿರುಗಿ, ಜೀಪು ನಿಧಾನವಾಗಿ ಹಿಂದಕ್ಕೆ ಬಂತು. ತುದಿಯಲ್ಲಿ ಕೊಡೆಗಳು ಅಲುಗಾಡಿದವು.

ಭಾರ ಹೆಚ್ಚಾಯಿತು ಎಂದು ನಾನು ತೀರ್ಮಾನಿಸಿದೆ. "ಎಲ್ಲರೂ ಇಳೀರಿ!" ಎಲ್ಲರೂ ಇಳಿದರು. ಖಾಲಿ ಜೀಪು ಈ ಸಲ ಅರ್ಧವನ್ನೂ ಮುಟ್ಟಲಿಲ್ಲ. ಮೇಲಿನಿಂದ ಯಾರೋ, "ಹುಬ್ಬಳ್ಳಿ ಬಸ್ಸು ಎಷ್ಟು ಗಂಟೆಗಾ?" ಎಂದು ಕೂಗಿದರು. ಎಲ್ಲರೂ ನಕ್ಕರು.

ಆಗ ಅಮ್ಮ ಕೊಡೆ ಮಡಚಿದರು. "ಸಾಕು ಮಾಡಿ ಮಾರಾಯ್ರೆ ನಿಮ್ಮ ಓದು" ಎನ್ನುತ್ತಾ ಹಿಂದಿನಿಂದ ಜೀಪು ಹತ್ತಿದರು. ಮಗನ ಕಡೆ ತಿರುಗಿ, "ನಿಂದೂ ಸಾಕು. ಕಾಲ್ಗುಣವಂತೆ, ಕಾಲ್ಗುಣ! ಎಂತ ಕಾಲ್ಗುಣ? ನನ್ನ ಭಾರ ಅದು. ಹಿಂದಿನ ಗಾಲಿ ಒತ್ತಿ ಹಿಡೀತದೆ. ಇಷ್ಟು ವರ್ಷದಿಂದ ಹಿಂದೆ ಕೂತವಳು ನಾನು, ನನಗೆ ಗೊತ್ತಿಲ್ವಾ?" ಎಂದರು.

ಅವರು ಹೇಳಿದ್ದೇ ಸರಿ. ಈ ಜೀಪಿನಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವುಗಳ ಮೇಲೆ ಭಾರ ಬಿದ್ದಷ್ಟೂ ಘರ್ಷಣೆ ಹೆಚ್ಚು. ಎಂ.ಎಸ್ಸಿ. ಬಿಡಿ, ಪಿ.ಯು.ಸಿ.ಯ ಮೊದಲ ಅಧ್ಯಾಯಗಳಲ್ಲೇ ಇದೆ. ದೈವ, ಹರಕೆ, ಕಾಲ್ಗುಣ ಒಂದನ್ನೂ ನಂಬದ ನಾನು, ಕಾಲ್ಗುಣವನ್ನು ಇಳಿಸುವ ಭರದಲ್ಲಿ ವಿಜ್ಞಾನವನ್ನೂ ಇಳಿಸಿ ಕೊಡೆ ಕೊಟ್ಟು ನಿಲ್ಲಿಸಿದ್ದೆ.

ಇಳಿದವರೆಲ್ಲ ಮತ್ತೆ ಹತ್ತಿದರು. ನಾನು ಸುಮ್ಮನೆ ಬದಿಗೆ ಸರಿಯುತ್ತಿದ್ದೆ. ಅಮ್ಮ ಬಿಡಲಿಲ್ಲ. "ನೀವೆಲ್ಲಿ ಹೋಗ್ತೀರಿ? ನೀವೂ ಹತ್ತಿ. ಹಿಂದಿನ ಮೆಟ್ಟಿಲ ಮೇಲೆ ನಿಲ್ಲಿ. ಓದಿದವರು ಎಷ್ಟು ತೂಗ್ತಾರೆ ನೋಡುವ!"

ಮೆಟ್ಟಿಲ ಮೇಲೆ ನಿಂತು ಕಂಬಿ ಹಿಡಿದುಕೊಂಡೆ. ಜೀಪು ಹೊರಟಿತು. ಚಕ್ರಗಳು ಎರಚಿದ ಕೆಸರು ಮೊಣಕಾಲಿನಿಂದ ಶುರುವಾಗಿ ಕನ್ನಡಕಕ್ಕೆ ಬಂತು. ಅರ್ಧ ಏರು ದಾಟಿತು. ಮುಕ್ಕಾಲಿನಲ್ಲಿ ಒಮ್ಮೆ ಅಳುಕಿತು. "ಕುಕ್ಕಿ, ಕುಕ್ಕಿ!" ಎಂದು ಅಮ್ಮ ಕೂಗಿದರು. ಭೌತಶಾಸ್ತ್ರದ ಸ್ನಾತಕೋತ್ತರ ಪದವೀಧರನಾದ ನಾನು ಮೆಟ್ಟಿಲ ಮೇಲೆ ಕಪ್ಪೆಯಂತೆ ಕುಪ್ಪಳಿಸಿ ಕುಕ್ಕಿದೆ. ಟೈರು ಕಚ್ಚಿ ಹಿಡಿಯಿತು. ಜೀಪು ಕೊಡೆಗಳ ನಡುವೆ ಹೋಗಿ ನಿಂತಿತು.

ನನಗೆ ಏನೂ ಕಾಣುತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರೆ ಅಮ್ಮ ನನ್ನನ್ನು ಊರಿಗೆಲ್ಲ ತೋರಿಸುತ್ತಿದ್ದರು. ಪದವಿ ಪ್ರದಾನದ ದಿನವೂ ನಾನು ಅಷ್ಟು ಎದೆ ಉಬ್ಬಿಸಿ ನಿಂತಿರಲಿಲ್ಲ.

ಮರುದಿನ ಆ ಅರ್ಜಿಯನ್ನು ಖಾನೆಯಿಂದ ತೆಗೆದು ಅದರಿಂದಲೇ ಕನ್ನಡಕದ ಸಂದಿಯ ಕೆಸರು ಒರೆಸಿದೆ. ಅಂಗಡಿ ಉಳಿಯಿತು, ಎರಡು ಸಾವಿರದ ಇಸವಿ ದಾಟಿದ ಮೇಲೂ ಆ ಊರಿನ ಜೀಪುಗಳೆಲ್ಲ ನನ್ನ ಹತ್ತಿರವೇ ಬರುತ್ತಿದ್ದವು. ಊರಿನವರು ಹಾಕಿದ್ದು ಒಂದೇ ಷರತ್ತು. ಅದನ್ನು ಆ ದಿನ ಏರಿನ ತುದಿಯಲ್ಲೇ ಹಿರಿಯರೊಬ್ಬರು ಎಲ್ಲರ ಪರವಾಗಿ ಹೇಳಿದ್ದರು:

"ಟೈರು ಅಡ್ಡಿಲ್ಲ. ಆದ್ರೆ ಮಳೆಗಾಲದಲ್ಲಿ ಟೈರಿನ ಜೊತೆ ನೀವೂ ಬರಬೇಕು."